ಮೀ, ಹಿಮ್, ಹರ್, ದೆಮ್: ಇಂಗ್ಲಿಷ್ ಆಬ್ಜೆಕ್ಟ್ ಪ್ರೊನೌನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಯಲು ಬರುವವರಲ್ಲಿ ಎಲ್ಲ ಥರದವರೂ ಇರುತ್ತಾರೆ. ಎಸ್‌ಎಸ್‌ಎಲ್‌ಸಿ ಮಕ್ಕಳು, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು, ನರ್ಸಿಂಗ್ ಓದುವ ಹುಡುಗಿಯರು, ಮಕ್ಕಳ ಹೋಮ್‌ವರ್ಕ್ ನೋಡಬೇಕಾದ ಅಮ್ಮಂದಿರು. ಎಡವುವ ಜಾಗ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. “ಐ” ಎಲ್ಲಿ ಬರಬೇಕು, “ಮೀ” ಎಲ್ಲಿ ಬರಬೇಕು? “ಹಿಮ್” ಸಾಕೋ, “ಟು ಹಿಮ್” ಬೇಕೋ? ಮತ್ತೆ ಮತ್ತೆ ಬರುವ ಇಂಥ ಪ್ರಶ್ನೆಗಳನ್ನು ಉತ್ತರದ ಸಮೇತ ಇಲ್ಲಿ ಇಟ್ಟಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ದಯವಿಟ್ಟು ಬಾಯಿಬಿಟ್ಟು ಓದಿ. ಇದು ನಾಲಿಗೆಗೆ ರೂಢಿ ಆಗಬೇಕಾದ ವಿಷಯ, ಸುಮ್ನೆ ಕಣ್ಣಾಡಿಸಿದರೆ ಸಾಲದು.

ಆಬ್ಜೆಕ್ಟ್ ಪ್ರೊನೌನ್ ಅಂದರೆ ಏನು?

ಹೆಸರಿನ ಬದಲು ಬರುವ ಪದ ಪ್ರೊನೌನ್. ನಮ್ಮ ವ್ಯಾಕರಣದಲ್ಲಿ ಅದು ಸರ್ವನಾಮ. ಕೆಲಸ ಮಾಡುವವರು ಸಬ್ಜೆಕ್ಟ್, ಅಂದರೆ ಕರ್ತೃ. ಆ ಕೆಲಸ ಯಾರನ್ನು, ಯಾವುದನ್ನು ಮುಟ್ಟುತ್ತದೋ ಅದು ಆಬ್ಜೆಕ್ಟ್, ಅಂದರೆ ಕರ್ಮ.

ರವಿ ಗೀತಾಗೆ ಫೋನ್ ಮಾಡಿದ ಅಂತಿಟ್ಟುಕೊಳ್ಳಿ. “ಹಿ ಕಾಲ್ಡ್ ಹರ್.” ಗೀತಾ ತಿರುಗಿ ಫೋನ್ ಮಾಡಿದಳು. “ಶಿ ಕಾಲ್ಡ್ ಹಿಮ್.” ಅದೇ ಇಬ್ಬರು. ವಾಕ್ಯದಲ್ಲಿ ಅವರ ಜಾಗ ಬದಲಾಯಿತು, ಜಾಗದ ಜೊತೆ ಪದದ ರೂಪವೂ ಬದಲಾಯಿತು. “ಶಿ ಕಾಲ್ಡ್ ಹಿ” ಅಂದರೆ ಇಂಗ್ಲಿಷ್ ಬಲ್ಲವರ ಕಿವಿಗೆ “ಅವಳು ಅವನು ಕರೆದಳು” ಅಂದ ಹಾಗೆ ಕೇಳಿಸುತ್ತದೆ.

ಆಬ್ಜೆಕ್ಟ್ ರೂಪ ಮುಖ್ಯವಾಗಿ ಬರುವುದು ಎರಡೇ ಕಡೆ. ಒಂದು, ವರ್ಬ್ (ಕ್ರಿಯಾಪದ) ಆದ ಮೇಲೆ. ಇನ್ನೊಂದು, ಟು, ಫಾರ್, ವಿತ್, ಫ್ರಮ್, ಅಬೌಟ್ ಥರದ ಪ್ರಿಪೊಸಿಷನ್ ಆದ ಮೇಲೆ. ಮುಂದಿನ ಉತ್ತರಗಳೆಲ್ಲ ಹೊರಳಿ ಹೊರಳಿ ಇಲ್ಲಿಗೇ ಬರುತ್ತವೆ.

ಇವು ಒಟ್ಟು ಎಷ್ಟಿವೆ? ಬಾಯಿಪಾಠ ಮಾಡಲೇಬೇಕಾ?

ಮಾಡಲೇಬೇಕು. ಮಗ್ಗಿ ಥರ ಒಂದು ಸಲ ಕಲಿತರೆ ಮುಗಿಯಿತು, ಜಾಸ್ತಿ ಇಲ್ಲ.

ಐ – ಮೀ
ವಿ – ಅಸ್
ಯು – ಯು
ಹಿ – ಹಿಮ್
ಶಿ – ಹರ್
ಇಟ್ – ಇಟ್
ದೇ – ದೆಮ್
ಹೂ – ಹೂಮ್

“ಯು” ಮತ್ತು “ಇಟ್” ಎರಡು ಕಡೆಯೂ ಒಂದೇ ಥರ ಇರುತ್ತವೆ. ಹಿಂದೆ “ಯು” ಕೂಡ ಬದಲಾಗುತ್ತಿತ್ತು. ಹಳೆಯ ಇಂಗ್ಲಿಷಿನಲ್ಲಿ “ನೀವು” ಅನ್ನಲು “ಯೀ”, “ನಿಮ್ಮನ್ನು” ಅನ್ನಲು “ಯು” ಇತ್ತು. ನಿಧಾನಕ್ಕೆ “ಯೀ” ಮಾತಿನಿಂದ ಮರೆಯಾಯಿತು, “ಯು” ಎರಡೂ ಕೆಲಸ ವಹಿಸಿಕೊಂಡಿತು. ನೀನು, ನೀವು ಎಂಬ ವ್ಯತ್ಯಾಸವೂ ಹೀಗೇ ಹೋಯಿತು. ಹಾಗಾಗಿ ಪುಟ್ಟ ತಮ್ಮನಿಗೂ “ಯು”, ಡಿಸಿ ಸಾಹೇಬರಿಗೂ “ಯು”.

ಕನ್ನಡದಲ್ಲಿ “ನನ್ನನ್ನು” ಬೇರೆ, “ನನಗೆ” ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ “ಮೀ” ಏಕೆ?

ಒಳ್ಳೆಯ ಪ್ರಶ್ನೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಸರಿಯಾಗಿ ಓದಿದವರು ಇದನ್ನು ಕೇಳಿಯೇ ಕೇಳುತ್ತಾರೆ. ನಮ್ಮಲ್ಲಿ “ಅನ್ನು” ಬಂದರೆ ದ್ವಿತೀಯಾ, “ಗೆ, ಕೆ” ಬಂದರೆ ಚತುರ್ಥಿ. ಒಂದು ಕಾಲದಲ್ಲಿ ಇಂಗ್ಲಿಷಿನಲ್ಲೂ ಇಂಥ ವ್ಯತ್ಯಾಸ ಇತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ “ಅವನನ್ನು” ಅನ್ನಲು “ಹಿನೆ”, “ಅವನಿಗೆ” ಅನ್ನಲು “ಹಿಮ್”. ಕಾಲ ಕಳೆದ ಹಾಗೆ “ಹಿನೆ” ಬಿದ್ದುಹೋಯಿತು. ಉಳಿದ “ಹಿಮ್” ಎರಡಕ್ಕೂ ಸಾಕಾಯಿತು. “ದೆಮ್” ಅಂತೂ ಇಂಗ್ಲಿಷಿನದೇ ಅಲ್ಲ. ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದವರ ಭಾಷೆಯಿಂದ ಬಂದದ್ದು. ಮೊದಲು ಅಲ್ಲಿ ಇದ್ದ ಪದ “ಹೆಮ್”. ಇವತ್ತಿಗೂ ಇಂಗ್ಲಿಷಿನವರು ಬೇಗ ಮಾತಾಡುವಾಗ “ಟೆಲ್ ದೆಮ್” ಅನ್ನುವುದನ್ನು “ಟೆಲೆಮ್” ಅನ್ನುತ್ತಾರಲ್ಲ, ಅದು ಆ ಹಳೆಯ “ಹೆಮ್” ಉಳಿದುಬಂದ ರೂಪ.

ಈಗ ಇಂಗ್ಲಿಷಿನಲ್ಲಿ “ಐ ಸಾ ಹಿಮ್” ಅಂದರೆ ಅವನನ್ನು ನೋಡಿದೆ. “ಐ ಗೇವ್ ಹಿಮ್ ಎ ಪೆನ್” ಅಂದರೆ ಅವನಿಗೆ ಪೆನ್ನು ಕೊಟ್ಟೆ. ಪದ ಒಂದೇ. ಅರ್ಥ ಹೇಳುವುದು ವರ್ಬ್ ಮತ್ತು ಪದಗಳ ಜಾಗ. ಕನ್ನಡದಲ್ಲಿ “ಅವನಿಗೆ ಪೆನ್ನು ಕೊಟ್ಟೆ ನಾನು”, “ಪೆನ್ನು ನಾನು ಅವನಿಗೆ ಕೊಟ್ಟೆ”, ಹೇಗೆ ಹೇಳಿದರೂ ನಡೆಯುತ್ತದೆ, ಏಕೆಂದರೆ ಪ್ರತ್ಯಯ ಕಾಪಾಡುತ್ತದೆ. ಇಂಗ್ಲಿಷಿನಲ್ಲಿ ಆ ಸಡಿಲ ಇಲ್ಲ.

“ನನಗೆ” ಅಂದರೆ “ಮೀ” ತಾನೇ? ಹಾಗಿದ್ದರೆ “ನನಗೆ ಗೊತ್ತು” ಅನ್ನಲು “ಐ ನೋ” ಏಕೆ?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯ ಇದ್ದರೆ ಇದನ್ನು ಓದಿ. ಕನ್ನಡದವರಿಗೆ ಇಲ್ಲಿ ಆಗುವಷ್ಟು ಗೊಂದಲ ಬೇರೆಲ್ಲೂ ಆಗುವುದಿಲ್ಲ.

ಕನ್ನಡದಲ್ಲಿ ಮನಸ್ಸಿಗೆ, ಮೈಗೆ ಸಂಬಂಧಪಟ್ಟ ಬಹಳಷ್ಟು ಮಾತುಗಳು “ನನಗೆ” ಅಂತ ಶುರುವಾಗುತ್ತವೆ. ನನಗೆ ಹಸಿವಾಗಿದೆ. ನನಗೆ ಜ್ವರ ಬಂದಿದೆ. ನನಗೆ ಬೇಕು. ನನಗೆ ಇಷ್ಟ. ನನಗೆ ಅರ್ಥ ಆಯಿತು. ನನಗೆ ಇಬ್ಬರು ಅಕ್ಕಂದಿರು. ನಮ್ಮ ಮಾತಿನಲ್ಲಿ ಹಸಿವು, ಜ್ವರ, ಆಸೆ ಎಲ್ಲ ನಮ್ಮ ಹತ್ತಿರ ಬರುತ್ತವೆ. ಇಂಗ್ಲಿಷ್ ಈ ವಾಕ್ಯಗಳಲ್ಲಿ ಮನುಷ್ಯನನ್ನೇ ಸಬ್ಜೆಕ್ಟ್ ಮಾಡಿ ಮುಂದೆ ನಿಲ್ಲಿಸುತ್ತದೆ. ವಾಕ್ಯದ ಮುಂದೆ, ವರ್ಬ್‌ಗಿಂತ ಮೊದಲು ಬಂದಮೇಲೆ ಅದು “ಐ” ಆಗಲೇಬೇಕು.

ನನಗೆ ಹಸಿವಾಗಿದೆ: “ಐ ಆಮ್ ಹಂಗ್ರಿ.”
ನನಗೆ ಜ್ವರ ಇದೆ: “ಐ ಹ್ಯಾವ್ ಎ ಫೀವರ್.”
ನನಗೆ ಬೆಣ್ಣೆ ದೋಸೆ ಇಷ್ಟ: “ಐ ಲೈಕ್ ಬೆಣ್ಣೆ ದೋಸೆ.”
ಅವನಿಗೆ ದುಡ್ಡು ಬೇಕು: “ಹಿ ನೀಡ್ಸ್ ಮನಿ.”
ಅವಳಿಗೆ ಕನ್ನಡ ಬರುತ್ತದೆ: “ಶಿ ನೋಸ್ ಕನ್ನಡ.”
ನಮಗೆ ಲೇಟ್ ಆಯಿತು: “ವಿ ಆರ್ ಲೇಟ್.”

ಈ ಆರೂ ಕನ್ನಡ ವಾಕ್ಯಗಳಲ್ಲಿ “ಗೆ” ಇದೆ. ಇಂಗ್ಲಿಷಿನಲ್ಲಿ ಒಂದರಲ್ಲೂ ಆಬ್ಜೆಕ್ಟ್ ಪ್ರೊನೌನ್ ಇಲ್ಲ. ಇನ್ನೊಂದು ಕಡೆ ನೋಡಿ: “ನನಗೆ ಒಂದು ಪ್ಲೇಟ್ ಮಂಡಕ್ಕಿ ಕೊಡಿ.” ಇಲ್ಲಿ ಕೊಡುವವರು ಬೇರೆ, ನಾನು ತೆಗೆದುಕೊಳ್ಳುವವನು. “ಗಿವ್ ಮೀ ಎ ಪ್ಲೇಟ್ ಆಫ್ ಮಂಡಕ್ಕಿ.” ಈಗ “ಮೀ” ಸರಿ.

ಅದಕ್ಕೇ “ನನಗೆ ಅಂದರೆ ಮೀ” ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಡಿ. ಇಂಗ್ಲಿಷ್ ವಾಕ್ಯದ ವರ್ಬ್ ಯಾವುದು ಅಂತ ಮೊದಲು ಹುಡುಕಿ. ಆ ಕೆಲಸ ಮಾಡುವವರು ಅಥವಾ ಆ ಸ್ಥಿತಿಯಲ್ಲಿ ಇರುವವರು ಯಾರು ಅಂತ ಕೇಳಿ. ಉತ್ತರ ನೀವೇ ಆಗಿದ್ದರೆ “ಐ”. ಬೇರೆಯವರ ಕೆಲಸ ನಿಮ್ಮನ್ನು ಮುಟ್ಟುತ್ತಿದ್ದರೆ “ಮೀ”.

“ಗೆ” ಬಂದ ಕಡೆಯೆಲ್ಲ “ಟು” ಹಾಕಬೇಕಾ? “ಟೆಲ್ ಟು ಮೀ” ಸರಿಯಾ?

“ಟೆಲ್ ಟು ಮೀ” ತಪ್ಪು. “ಟೆಲ್ ಮೀ” ಸರಿ. ಆದರೆ “ಸೇ ಮೀ” ತಪ್ಪು, “ಸೇ ಇಟ್ ಟು ಮೀ” ಸರಿ. ಎರಡಕ್ಕೂ ಕನ್ನಡದಲ್ಲಿ “ನನಗೆ ಹೇಳು” ಅಂತಲೇ ಅಲ್ವಾ? ಇದನ್ನು ತೀರ್ಮಾನಿಸುವುದು ಕನ್ನಡದ “ಗೆ” ಅಲ್ಲ. ಪ್ರತಿ ಇಂಗ್ಲಿಷ್ ವರ್ಬ್‌ಗೂ ಅದರದೇ ಹಟ ಇರುತ್ತದೆ, ಅದರ ಜೊತೆಯಲ್ಲೇ ಕಲಿಯಬೇಕು.

“ಟು” ಇಲ್ಲದೆ ನೇರವಾಗಿ ಆಬ್ಜೆಕ್ಟ್ ಬರುವ, ನಮ್ಮವರು ಸುಮ್ನೆ “ಟು” ಸೇರಿಸುವ ವರ್ಬ್‌ಗಳು ಇವು: ಟೆಲ್ ಹಿಮ್, ಆಸ್ಕ್ ಹಿಮ್, ಕಾಲ್ ಹಿಮ್, ಹೆಲ್ಪ್ ಹಿಮ್, ಆನ್ಸರ್ ಹಿಮ್, ಹಿಟ್ ಹಿಮ್, ಟೀಚ್ ಹಿಮ್, ಥ್ಯಾಂಕ್ ಹಿಮ್. “ಅವನಿಗೆ ಫೋನ್ ಮಾಡಿದೆ” ಅಂದರೆ “ಐ ಕಾಲ್ಡ್ ಹಿಮ್”. “ಐ ಕಾಲ್ಡ್ ಟು ಹಿಮ್” ಅಂದರೆ ದೂರದಿಂದ ಕೂಗಿ ಕರೆದೆ ಅನ್ನುವ ಅರ್ಥ ಬರುತ್ತದೆ.

ನೇರವಾಗಿ ಬಾರದೆ ನಡುವೆ ಒಂದು ಪದ ಬೇಡುವ ವರ್ಬ್‌ಗಳು ಇವು: ಲಿಸನ್ ಟು ಮೀ, ಟಾಕ್ ಟು ಮೀ, ರಿಪ್ಲೈ ಟು ಮೀ, ವೇಟ್ ಫಾರ್ ಮೀ, ಲುಕ್ ಅಟ್ ಮೀ. ಅವಸರದಲ್ಲಿ “ವೇಟ್ ಮೀ” ಅನ್ನುವುದನ್ನು ಬಸ್ ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಕೇಳುತ್ತೇವೆ. “ವೇಟ್ ಫಾರ್ ಮೀ” ಆಗಬೇಕು.

“ಎಕ್ಸ್‌ಪ್ಲೇನ್” ಬಗ್ಗೆ ಬೇರೆಯಾಗಿ ಹೇಳಬೇಕು. ಚೆನ್ನಾಗಿ ಇಂಗ್ಲಿಷ್ ಬರುವವರೂ “ಎಕ್ಸ್‌ಪ್ಲೇನ್ ಮೀ ದಿಸ್ ಸಮ್” ಅನ್ನುತ್ತಾರೆ. “ಎಕ್ಸ್‌ಪ್ಲೇನ್ ದಿಸ್ ಸಮ್ ಟು ಮೀ” ಅನ್ನಬೇಕು. ಮೊದಲು ವಿಷಯ, ಆಮೇಲೆ “ಟು ಮೀ”. ಇಂಟರ್‌ವ್ಯೂನಲ್ಲಿ ಈ ಒಂದು ವಾಕ್ಯ ಸರಿಯಾಗಿ ಬಂದರೆ ಎದುರು ಕೂತವರಿಗೆ ಗೊತ್ತಾಗುತ್ತದೆ.

ಮದುವೆ ವಿಷಯಕ್ಕೆ ಬಂದರೆ, “ಹಿ ಮ್ಯಾರೀಡ್ ಹರ್”. “ವಿತ್ ಹರ್” ಬೇಡ. “ಅವಳ ಜೊತೆ ಮದುವೆ ಆಯಿತು” ಅನ್ನುವ ಕನ್ನಡದ ರೂಢಿಯಿಂದ ಆ “ವಿತ್” ಬಂದುಬಿಡುತ್ತದೆ. ಹಾಗೆಯೇ “ಡಿಸ್ಕಸ್ ಇಟ್” ಸಾಕು. “ಡಿಸ್ಕಸ್ ಅಬೌಟ್ ಇಟ್” ಬೇಡ.

“ಗಿವ್ ಮೀ ಇಟ್” ಅನ್ನಬೇಕಾ, “ಗಿವ್ ಇಟ್ ಟು ಮೀ” ಅನ್ನಬೇಕಾ?

“ಗಿವ್ ಇಟ್ ಟು ಮೀ” ಅನ್ನಿ. ಕೊಡುವ ವಸ್ತುವಿನ ಹೆಸರು ಹೇಳಿದರೆ ಎರಡೂ ನಡೆಯುತ್ತವೆ: “ಗಿವ್ ಮೀ ದ ಬಿಲ್”, “ಗಿವ್ ದ ಬಿಲ್ ಟು ಮೀ”. ವಸ್ತುವಿನ ಬದಲು “ಇಟ್” ಅಥವಾ “ದೆಮ್” ಬಂದರೆ ಮೊದಲು ಅದು, ಆಮೇಲೆ “ಟು” ಸೇರಿಸಿ ಮನುಷ್ಯ. “ಸೆಂಡ್ ಇಟ್ ಟು ಅಸ್.” “ಶೋ ದೆಮ್ ಟು ಹರ್.” ಇಂಗ್ಲೆಂಡಿನಲ್ಲಿ ಕೆಲವರು “ಗಿವ್ ಮೀ ಇಟ್” ಅನ್ನುವುದುಂಟು, ನಮಗೆ ಅದರ ಗೋಜು ಬೇಡ.

ಕನ್ನಡದಲ್ಲಿ “ನೋಡಿದೆ”, “ತಂದೆ” ಅಂದರೆ ಸಾಕು. ಇಂಗ್ಲಿಷಿನಲ್ಲಿ ಪ್ರತಿ ಸಲ “ಇಟ್” ಬೇಕಾ?

ಸಾಮಾನ್ಯವಾಗಿ ಬೇಕು. ಕನ್ನಡದಲ್ಲಿ ಗೊತ್ತಿರುವ ವಿಷಯವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆ ಅಂಗಡಿಯ ಮಾತು ಕೇಳಿ. “ಈ ಸೀರೆ ನೋಡಿದ್ರಾ?” “ನೋಡಿದೆ.” “ಇಷ್ಟ ಆಯ್ತಾ?” “ಆಯ್ತು, ಪ್ಯಾಕ್ ಮಾಡಿ.” ಎಷ್ಟು ಚೆಂದ, ಎಷ್ಟು ಚಿಕ್ಕದು. ಮೂರು ಮಾತಿನಲ್ಲೂ “ಅದು”, “ಅದನ್ನು” ಎಲ್ಲೂ ಇಲ್ಲ.

ಅದನ್ನೇ ಇಂಗ್ಲಿಷಿಗೆ ತಂದು “ಐ ಸಾ. ಐ ಲೈಕ್. ಪ್ಯಾಕ್.” ಅಂದರೆ ಅರ್ಧಕ್ಕೆ ನಿಂತ ಹಾಗೆ ಕೇಳಿಸುತ್ತದೆ. “ಐ ಸಾ ಇಟ್. ಐ ಲೈಕ್ ಇಟ್. ಪ್ಲೀಸ್ ಪ್ಯಾಕ್ ಇಟ್.” ಲೈಕ್, ಬೈ, ಬ್ರಿಂಗ್, ಟೇಕ್, ಪುಟ್, ವಾಂಟ್ ಇವೆಲ್ಲ ತಮ್ಮ ನಂತರ ಏನಾದರೂ ಒಂದು ಆಬ್ಜೆಕ್ಟ್ ಕೇಳುತ್ತವೆ. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ನಾನು ಮೊದಲು ಕಲಿಸುವುದು ಇದನ್ನೇ. ಬೇರೆ ರಾಜ್ಯದ ಗಿರಾಕಿ ಬಂದು “ಡು ಯು ಹ್ಯಾವ್ ದಿಸ್ ಇನ್ ಬ್ಲೂ?” ಅಂದರೆ “ಯೆಸ್, ಐ ವಿಲ್ ಶೋ” ಅನ್ನಬೇಡಿ. “ಯೆಸ್, ಐ ವಿಲ್ ಶೋ ಯು” ಅನ್ನಿ. ಆ ಒಂದು “ಯು” ಇದ್ದರೆ ಮಾತು ಪೂರ್ತಿಯಾಗುತ್ತದೆ, ಮರ್ಯಾದೆಯೂ ಕೇಳಿಸುತ್ತದೆ.

“ಐ ನೋ”, “ಐ ಅಂಡರ್‌ಸ್ಟ್ಯಾಂಡ್”, “ಐ ರಿಮೆಂಬರ್”, “ಐ ಫರ್ಗಾಟ್” ಇವಕ್ಕೆ ಮಾತ್ರ ವಿನಾಯಿತಿ ಇದೆ. ಇವು ಒಂಟಿಯಾಗಿ ನಿಲ್ಲುತ್ತವೆ.

ಮೇಷ್ಟ್ರನ್ನು, ಅಪ್ಪನನ್ನು “ಅವರು” ಅನ್ನುತ್ತೇವೆ. ಇಂಗ್ಲಿಷಿನಲ್ಲಿ “ಹಿಮ್” ಅಂದರೆ ಅಗೌರವ ಆಗುವುದಿಲ್ಲವಾ?

ಆಗುವುದಿಲ್ಲ. ಇದು ಭಾಷೆ ಬರದ ತೊಂದರೆ ಅಲ್ಲ, ನಮ್ಮ ಒಳ್ಳೆಯ ಸಂಸ್ಕಾರ ಅಡ್ಡ ಬರುವುದು. “ಪ್ರಿನ್ಸಿಪಾಲರನ್ನು ಭೇಟಿಯಾದೆ, ಅವರಿಗೆ ಅರ್ಜಿ ಕೊಟ್ಟೆ” ಅನ್ನುವ ಹುಡುಗನಿಗೆ “ಐ ಮೆಟ್ ಹಿಮ್” ಅನ್ನಲು ಬಾಯಿ ಬರುವುದಿಲ್ಲ. ಅವನ ಕಿವಿಗೆ ಅದು “ಅವನನ್ನು ಭೇಟಿಯಾದೆ” ಅಂತ ಕೇಳಿಸುತ್ತದೆ. ಹಾಗಾಗಿ “ಐ ಮೆಟ್ ದೆಮ್” ಅನ್ನುತ್ತಾನೆ. ಕೇಳಿದವರು ಎಷ್ಟು ಜನ ಪ್ರಿನ್ಸಿಪಾಲರು ಅಂತ ಯೋಚಿಸುತ್ತಾರೆ.

ಇಂಗ್ಲಿಷಿನ “ಹಿಮ್” ನಲ್ಲಿ ಏಕವಚನದ ಒರಟುತನ ಇಲ್ಲ. ರಾಷ್ಟ್ರಪತಿಗಳಿಗೂ ಹಿಮ್ ಅಥವಾ ಹರ್ ಅನ್ನುವುದೇ ರೂಢಿ. ಗೌರವ ತೋರಿಸಲು ಬೇರೆ ದಾರಿ ಇದೆ. ಹೆಸರಿನ ಮುಂದೆ “ಮಿಸ್ಟರ್”, “ಡಾಕ್ಟರ್”, “ಪ್ರೊಫೆಸರ್” ಹಾಕಿ. “ಪ್ಲೀಸ್”, “ಸರ್”, “ಮೇಡಮ್” ಸೇರಿಸಿ. “ಐ ಮೆಟ್ ದ ಪ್ರಿನ್ಸಿಪಾಲ್ ಅಂಡ್ ಗೇವ್ ಹಿಮ್ ಮೈ ಅಪ್ಲಿಕೇಶನ್.” ಇದರಲ್ಲಿ ಎಳ್ಳಷ್ಟೂ ಅಗೌರವ ಇಲ್ಲ. ಗಂಡನ ಹೆಸರು ಹೇಳದೆ “ಇವರು”, “ಅವರು” ಅನ್ನುವ ಅಮ್ಮಂದಿರಿಗೂ ಇದೇ ಮಾತು. “ನಮ್ಮನೆಯವರಿಗೆ ಕೇಳಿ ಹೇಳ್ತೀನಿ” ಅನ್ನಲು “ಐ ವಿಲ್ ಆಸ್ಕ್ ಮೈ ಹಸ್ಬೆಂಡ್ ಅಂಡ್ ಟೆಲ್ ಯು” ಅನ್ನಿ. ಮುಂದಿನ ವಾಕ್ಯದಲ್ಲಿ “ಹಿಮ್” ಧೈರ್ಯವಾಗಿ ಬರಲಿ.

ಗಂಡೋ ಹೆಣ್ಣೋ ಗೊತ್ತಿಲ್ಲದಾಗ ಒಬ್ಬರಿಗೂ “ದೆಮ್” ಬಳಸಬಹುದು. “ಇಫ್ ಸಮ್‌ಒನ್ ಕಾಲ್ಸ್, ಟೆಲ್ ದೆಮ್ ಐ ಆಮ್ ಇನ್ ಎ ಮೀಟಿಂಗ್.” ಇದು ಇಂಗ್ಲಿಷಿನಲ್ಲಿ ಬಹಳ ಹಳೆಯ ಬಳಕೆ. ತಮ್ಮನ್ನು “ದೇ, ದೆಮ್” ಅಂತಲೇ ಕರೆಯಿರಿ ಅನ್ನುವವರು ಇದ್ದರೆ ಅವರಿಗೂ ಹಾಗೇ ಹೇಳಬೇಕು.

ವಸ್ತುಗಳಿಗೆ ಯಾವಾಗ “ಇಟ್”, ಯಾವಾಗ “ದೆಮ್”?

ಮಾತಾಡುವಾಗ ನಾವು ವಸ್ತು ಒಂದಿರಲಿ ಹತ್ತಿರಲಿ “ಅದನ್ನು” ಅನ್ನುತ್ತೇವೆ. “ಮೆಣಸಿನಕಾಯಿ ತಂದಿದ್ದೀನಿ, ಅದನ್ನ ತೊಳಿ.” ಇಂಗ್ಲಿಷಿನಲ್ಲಿ ಲೆಕ್ಕ ನೋಡಬೇಕು. ಮಂಡಕ್ಕಿ ಎಷ್ಟೇ ಇದ್ದರೂ ಎಣಿಸಲು ಆಗುವುದಿಲ್ಲ, ಹಾಗಾಗಿ “ಇಟ್”. ಪಕ್ಕದ ಮಿರ್ಚಿ ಎಣಿಸಬಹುದು, ಹಾಗಾಗಿ “ದೆಮ್”. “ದ ಮಿರ್ಚೀಸ್ ಆರ್ ಹಾಟ್, ಈಟ್ ದೆಮ್ ಸ್ಲೋಲಿ.” ಹಾಲು, ಅಕ್ಕಿ, ಸಕ್ಕರೆ, ದುಡ್ಡು ಎಲ್ಲಕ್ಕೂ “ಇಟ್”. “ನ್ಯೂಸ್” ಕೊನೆಯಲ್ಲಿ ಎಸ್ ಇದ್ದರೂ “ಇಟ್”. “ಫರ್ನಿಚರ್”, “ಇನ್ಫರ್ಮೇಶನ್”, “ಲಗೇಜ್” ಕೂಡ “ಇಟ್”. ಆದರೆ ಪ್ಯಾಂಟು, ಕತ್ತರಿ, ಕನ್ನಡಕ ಒಂದೇ ಇದ್ದರೂ ಇಂಗ್ಲಿಷಿನಲ್ಲಿ “ದೆಮ್”. “ವೇರ್ ಆರ್ ಮೈ ಗ್ಲಾಸಸ್? ಐ ಕ್ಯಾನಾಟ್ ಫೈಂಡ್ ದೆಮ್.”

ಮಗುವಿಗೆ “ಅದು” ಅನ್ನುತ್ತೇವೆ. ಇಂಗ್ಲಿಷಿನಲ್ಲಿ “ಇಟ್” ಅನ್ನಬಹುದಾ?

ಪರಿಚಯದ ಮಗುವಿಗೆ ಬೇಡ, ತಾಯಿಗೆ ಬೇಜಾರಾಗುತ್ತದೆ. ಹಿಮ್ ಅಥವಾ ಹರ್ ಅನ್ನಿ. ಸಾಕಿದ ನಾಯಿ, ಬೆಕ್ಕು, ಎತ್ತಿಗೂ ಮನೆಯವರು ಪ್ರೀತಿಯಿಂದ ಹಿಮ್, ಹರ್ ಅನ್ನುತ್ತಾರೆ. ಬೀದಿಯಲ್ಲಿ ಕಂಡ ಪ್ರಾಣಿಗೆ “ಇಟ್” ಸಾಕು.

“ಸ್ವಿಚ್ ಆಫ್ ಇಟ್” ಏಕೆ ತಪ್ಪು?

ಸ್ವಿಚ್ ಆಫ್, ಟರ್ನ್ ಆನ್, ಪಿಕ್ ಅಪ್, ಥ್ರೋ ಅವೇ, ಫಿಲ್ ಇನ್ ಇವು ಜೋಡಿ ಪದಗಳು. ವಸ್ತುವಿನ ಹೆಸರು ಹೇಳುವಾಗ ಅದನ್ನು ಕೊನೆಗಾದರೂ ಇಡಬಹುದು, ನಡುವೆಯಾದರೂ ಇಡಬಹುದು: “ಸ್ವಿಚ್ ಆಫ್ ದ ಫ್ಯಾನ್”, “ಸ್ವಿಚ್ ದ ಫ್ಯಾನ್ ಆಫ್”. ಪ್ರೊನೌನ್ ಬಂದರೆ ನಡುವೆಯೇ ಕೂರಬೇಕು: “ಸ್ವಿಚ್ ಇಟ್ ಆಫ್.” ಬ್ಯಾಂಕಿನಲ್ಲಿ ಫಾರಂ ಕೊಟ್ಟು “ಪ್ಲೀಸ್ ಫಿಲ್ ಇಟ್ ಇನ್” ಅನ್ನುತ್ತಾರೆ. ಹರಿಹರದಿಂದ ಬರುವ ಮಾವನನ್ನು ಸ್ಟೇಷನ್ನಿನಿಂದ ಕರೆತರಬೇಕು ಅಂದರೆ “ಪಿಕ್ ಹಿಮ್ ಅಪ್ ಫ್ರಮ್ ದ ಸ್ಟೇಷನ್”.

ಆದರೆ “ಲುಕ್ ಆಫ್ಟರ್”, “ಲುಕ್ ಫಾರ್” ಈ ಗುಂಪಿಗೆ ಸೇರುವುದಿಲ್ಲ. ಅಲ್ಲಿ ಆಫ್ಟರ್, ಫಾರ್ ಪ್ರಿಪೊಸಿಷನ್‌ಗಳು, ಪ್ರೊನೌನ್ ಅವು ಆದ ಮೇಲೆ ಬರುತ್ತದೆ. “ಲುಕ್ ಆಫ್ಟರ್ ಹರ್.” ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದು ದಿನಾ ಬೇಕಾಗುವ ಮಾತು.

“ರವಿ ಅಂಡ್ ಐ” ಸರಿಯೋ, “ರವಿ ಅಂಡ್ ಮೀ” ಸರಿಯೋ?

ಎರಡೂ ಸರಿ, ಬೇರೆ ಬೇರೆ ಜಾಗದಲ್ಲಿ. “ಮೀ” ಅಂದರೆ ಕಡಿಮೆ ದರ್ಜೆಯ ಇಂಗ್ಲಿಷ್, “ಐ” ಅಂದರೆ ಒಳ್ಳೆಯ ಇಂಗ್ಲಿಷ್ ಅನ್ನುವ ಭಾವನೆ ಬಹಳ ಜನರಲ್ಲಿ ಇದೆ. ಅದನ್ನು ಬಿಟ್ಟುಬಿಡಿ. ರವಿಯನ್ನು ತೆಗೆದು ಓದಿ ನೋಡಿ. “ಮೇಡಮ್ ಕಾಲ್ಡ್ ರವಿ ಅಂಡ್ ಐ.” ರವಿ ಹೋದರೆ “ಮೇಡಮ್ ಕಾಲ್ಡ್ ಐ” ಉಳಿಯುತ್ತದೆ. ತಪ್ಪು ಅಂತ ಕಿವಿಯೇ ಹೇಳುತ್ತದೆ. ಆದ್ದರಿಂದ “ಮೇಡಮ್ ಕಾಲ್ಡ್ ರವಿ ಅಂಡ್ ಮೀ”. “ರವಿ ಅಂಡ್ ಮೀ ವೆಂಟ್” ಅನ್ನುವುದರಲ್ಲಿ ರವಿಯನ್ನು ತೆಗೆದರೆ “ಮೀ ವೆಂಟ್” ಆಗುತ್ತದೆ, ಅದೂ ತಪ್ಪು. ಹಾಗಾಗಿ “ರವಿ ಅಂಡ್ ಐ ವೆಂಟ್”.

“ಬಿಟ್ವೀನ್ ಯು ಅಂಡ್ ಮೀ” ಮಾತ್ರ ಹಾಗೇ ನೆನಪಿಡಿ. “ಬಿಟ್ವೀನ್” ಪ್ರಿಪೊಸಿಷನ್, ಅದಾದ ಮೇಲೆ “ಐ” ಬರುವುದಿಲ್ಲ. ತಪ್ಪು ಹುಡುಕುವ ಪ್ರಶ್ನೆಗಳಿಗೆ ಇದು ಹೇಳಿ ಮಾಡಿಸಿದ ವಾಕ್ಯ.

“ಹೂಮ್” ಈಗಲೂ ಬಳಸುತ್ತಾರಾ?

ಮಾತಿನಲ್ಲಿ ಕಡಿಮೆ, ಬರಹದಲ್ಲಿ ಇದೆ. ಯಾರು ಅನ್ನಲು “ಹೂ”. ಯಾರನ್ನು, ಯಾರಿಗೆ ಅನ್ನಲು “ಹೂಮ್”. “ಹೂ ಡಿಡ್ ಯು ಸೀ?” ಅಂದರೆ ಮಾತಿನಲ್ಲಿ ಯಾರೂ ತಪ್ಪು ಹಿಡಿಯುವುದಿಲ್ಲ. ಪರೀಕ್ಷೆಯಲ್ಲಿ “ಹೂಮ್ ಡಿಡ್ ಯು ಸೀ?” ಬರೆಯಿರಿ. ಟು, ಫ್ರಮ್, ವಿತ್ ಅದಕ್ಕಿಂತ ಮೊದಲೇ ಬಂದರೆ “ಹೂಮ್” ಖಾಯಂ. ಅನುಭವ ಪತ್ರ, ವ್ಯಾಸಂಗ ಪ್ರಮಾಣಪತ್ರದ ತಲೆಯಲ್ಲಿ “ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್” ಅಂತ ಇರುತ್ತದಲ್ಲ, ಅಲ್ಲಿರುವುದೂ ಇದೇ ಆಬ್ಜೆಕ್ಟ್ ರೂಪ.

ಪ್ಯಾಸಿವ್ ವಾಯ್ಸ್, ರಿಪೋರ್ಟೆಡ್ ಸ್ಪೀಚ್ ಮಾಡುವಾಗ ಪ್ರೊನೌನ್ ಯಾಕೆ ತಪ್ಪುತ್ತದೆ?

ಮಕ್ಕಳು ವರ್ಬ್ ಬದಲಾಯಿಸುವುದರ ಮೇಲೇ ಪೂರ್ತಿ ಗಮನ ಇಟ್ಟಿರುತ್ತಾರೆ. “ಶಿ ಹೆಲ್ಪ್ಡ್ ಹಿಮ್” ಪ್ಯಾಸಿವ್ ಆದಾಗ “ಹಿಮ್” ಮುಂದಕ್ಕೆ ಬಂದು “ಹಿ” ಆಗುತ್ತದೆ, “ಶಿ” ಹಿಂದಕ್ಕೆ ಹೋಗಿ “ಬೈ ಹರ್” ಆಗುತ್ತದೆ: “ಹಿ ವಾಸ್ ಹೆಲ್ಪ್ಡ್ ಬೈ ಹರ್.” ವರ್ಬ್ ಸರಿ ಬರೆದು “ಹಿಮ್ ವಾಸ್ ಹೆಲ್ಪ್ಡ್” ಅಂತ ಬಿಟ್ಟರೆ ಅಂಕ ಹೋಗುತ್ತದೆ.

ಇಲ್ಲೂ ನಮ್ಮ “ಗೆ” ಕೈಕೊಡುತ್ತದೆ. “ಅವನಿಗೆ ಬಹುಮಾನ ಕೊಡಲಾಯಿತು” ಅನ್ನಲು “ಹಿ ವಾಸ್ ಗಿವನ್ ಎ ಪ್ರೈಜ್”. “ನನಗೆ ತಿಳಿಸಲಾಯಿತು” ಅನ್ನಲು “ಐ ವಾಸ್ ಇನ್ಫಾರ್ಮ್ಡ್”. ಕನ್ನಡದಲ್ಲಿ ಅವನಿಗೆ, ನನಗೆ. ಇಂಗ್ಲಿಷಿನಲ್ಲಿ ಹಿ, ಐ.

ರಿಪೋರ್ಟೆಡ್ ಸ್ಪೀಚ್‌ನಲ್ಲಿ ಯಾರು ಯಾರಿಗೆ ಹೇಳಿದರು ಅಂತ ಮೊದಲು ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳಿ. ಗೀತಾ ರವಿಗೆ ಹೇಳಿದಳು: “ಐ ವಿಲ್ ಹೆಲ್ಪ್ ಯು.” ಇಲ್ಲಿ “ಐ” ಗೀತಾ, “ಯು” ರವಿ. ಹಾಗಾಗಿ “ಗೀತಾ ಟೋಲ್ಡ್ ರವಿ ದಟ್ ಶಿ ವುಡ್ ಹೆಲ್ಪ್ ಹಿಮ್”. ಅವಳು ನನಗೇ ಹೇಳಿದ್ದರೆ ಕೊನೆಯಲ್ಲಿ “ಹೆಲ್ಪ್ ಮೀ”. ಸೂತ್ರಕ್ಕಿಂತ ಈ ಚಿತ್ರ ಹೆಚ್ಚು ಕೆಲಸಕ್ಕೆ ಬರುತ್ತದೆ.

“ಅವನು ಬರಬೇಕು ಅಂತ ನನ್ನ ಆಸೆ.” ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

“ಐ ವಾಂಟ್ ಹಿಮ್ ಟು ಕಮ್.” ಕನ್ನಡದಲ್ಲಿ “ಅವನು”, ಇಂಗ್ಲಿಷಿನಲ್ಲಿ “ಹಿಮ್”. ಮೇಲೆ ಹೇಳಿದ “ನನಗೆ ಗೊತ್ತು” ಇದಕ್ಕೆ ಸರಿಯಾಗಿ ಉಲ್ಟಾ. “ಐ ವಾಂಟ್ ದಟ್ ಹಿ ಶುಡ್ ಕಮ್” ಅಂತ ಸುತ್ತಿ ಬಳಸಿ ಹೇಳುವ ಅಗತ್ಯ ಇಲ್ಲ. ಇದೇ ದಾರಿಯಲ್ಲಿ “ಲೆಟ್ ಮೀ ನೋ”, “ಮೇಕ್ ಹರ್ ಸಿಟ್”, “ಐ ಹರ್ಡ್ ದೆಮ್ ಶೌಟಿಂಗ್”. “ಹೋಗೋಣ” ಅನ್ನಲು “ಲೆಟ್ಸ್ ಗೋ” ಅನ್ನುತ್ತೇವಲ್ಲ, ಅದರ ಒಳಗೂ “ಅಸ್” ಕೂತಿದೆ.

“ತನ್ನನ್ನು” ಅನ್ನಲು “ಹಿಮ್” ಸಾಲದಾ?

ಸಾಲದು. “ಹಿ ಸಾ ಹಿಮ್ ಇನ್ ದ ಮಿರರ್” ಅಂದರೆ ಕನ್ನಡಿಯಲ್ಲಿ ಬೇರೆ ಯಾರನ್ನೋ ನೋಡಿದ. ತನ್ನನ್ನೇ ನೋಡಿಕೊಂಡರೆ “ಹಿಮ್‌ಸೆಲ್ಫ್”. ಕನ್ನಡದ ತಾನು, ತನ್ನನ್ನು ಬಂದ ಕಡೆ ಸೆಲ್ಫ್ ನೆನಪಿಗೆ ಬರಲಿ. ಆದರೆ “ಕೈ ತೊಳೆದುಕೊಂಡೆ” ಥರದ “ಕೊಂಡೆ”ಗೆ ಅದು ಬೇಡ. “ಐ ವಾಶ್ಡ್ ಮೈ ಹ್ಯಾಂಡ್ಸ್” ಸಾಕು.

ಫೋನಿನಲ್ಲಿ “ಇಟ್ಸ್ ಮೀ” ಅನ್ನುತ್ತಾರೆ. “ಇಟ್ ಈಸ್ ಐ” ಅಲ್ವಾ ಸರಿ?

ಹಳೆಯ ವ್ಯಾಕರಣದ ಪ್ರಕಾರ “ಇಟ್ ಈಸ್ ಐ”. ಇವತ್ತು ಬಾಗಿಲು ತಟ್ಟಿ ಹಾಗೆ ಹೇಳುವವರು ಸಿಗುವುದು ಕಷ್ಟ. “ಇಟ್ಸ್ ಮೀ” ಅನ್ನಿ. “ಟಾಲರ್ ದ್ಯಾನ್ ಮೀ” ಕೂಡ ಮಾತಿನಲ್ಲಿ ಸರಿ. ಪರೀಕ್ಷೆಗೆ “ಟಾಲರ್ ದ್ಯಾನ್ ಐ ಆಮ್” ಬರೆದರೆ ಯಾರದೂ ತಕರಾರಿಲ್ಲ.

ಅಭ್ಯಾಸಕ್ಕೆ ಏನಾದರೂ ಕೊಡಿ.

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿರುತ್ತೀರಿ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ನುಸುಳಿ ಬರುತ್ತಿದ್ದಾಗ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗೊತ್ತಿರುವ ಕಥೆಯಲ್ಲಿ ಯಾರು ಯಾರಿಗೆ ಏನು ಮಾಡಿದರು ಅನ್ನುವ ಗೊಂದಲ ಇರುವುದಿಲ್ಲ, ಅದಕ್ಕೇ ಇದನ್ನು ಆರಿಸಿಕೊಂಡೆ. ಹೆಸರುಗಳನ್ನು ತೆಗೆದು ಪ್ರೊನೌನ್ ಹಾಕಿ. ಮೊದಲು ಉತ್ತರ ಮುಚ್ಚಿಕೊಂಡು ಹೇಳಿ.

“ಓಬವ್ವ ಸಾ ದ ಸೋಲ್ಜರ್ಸ್.” ಉತ್ತರ: “ಶಿ ಸಾ ದೆಮ್.”

“ಓಬವ್ವ ಡಿಡ್ ನಾಟ್ ಕಾಲ್ ಹರ್ ಹಸ್ಬೆಂಡ್.” ಉತ್ತರ: “ಶಿ ಡಿಡ್ ನಾಟ್ ಕಾಲ್ ಹಿಮ್.” “ಹರ್ ಹಿಮ್” ಅಂತ ಬರೆಯಬೇಡಿ. ಇಲ್ಲಿನ “ಹರ್” ಅಂದರೆ “ಅವಳ”, ಅದು ಗಂಡನ ಜೊತೆಗೇ ಹೋಗುತ್ತದೆ. “ಅವಳನ್ನು” ಮತ್ತು “ಅವಳ” ಎರಡಕ್ಕೂ ಇಂಗ್ಲಿಷಿನಲ್ಲಿ “ಹರ್” ಒಂದೇ.

“ಓಬವ್ವ ಪಿಕ್ಡ್ ಅಪ್ ದ ಒನಕೆ.” ಉತ್ತರ: “ಶಿ ಪಿಕ್ಡ್ ಇಟ್ ಅಪ್.” ಜೋಡಿ ಪದದ ನಡುವೆ “ಇಟ್” ಕೂತಿದ್ದು ಗಮನಿಸಿ.

“ಓಬವ್ವ ಹಿಟ್ ದ ಫಸ್ಟ್ ಸೋಲ್ಜರ್ ವಿತ್ ದ ಒನಕೆ.” ಉತ್ತರ: “ಶಿ ಹಿಟ್ ಹಿಮ್ ವಿತ್ ಇಟ್.” ಒಂದು ವರ್ಬ್ ಆದ ಮೇಲೆ, ಒಂದು ಪ್ರಿಪೊಸಿಷನ್ ಆದ ಮೇಲೆ. ಕನ್ನಡದಲ್ಲಿ “ಅವನಿಗೆ ಹೊಡೆದಳು”, ಆದರೂ “ಟು” ಇಲ್ಲ.

“ಓಬವ್ವಾಸ್ ಹಸ್ಬೆಂಡ್ ಕೇಮ್ ಬ್ಯಾಕ್ ಅಂಡ್ ಸಾ ಓಬವ್ವ.” ಉತ್ತರ: “ಹಿ ಕೇಮ್ ಬ್ಯಾಕ್ ಅಂಡ್ ಸಾ ಹರ್.”

“ಮೈ ಗ್ರ್ಯಾಂಡ್‌ಮದರ್ ಟೋಲ್ಡ್ ದ ಸ್ಟೋರಿ ಟು ಗೀತಾ ಅಂಡ್ ಮೀ.” ಉತ್ತರ: “ಶಿ ಟೋಲ್ಡ್ ಇಟ್ ಟು ಅಸ್.” ಗೀತಾ ಮತ್ತು ನಾನು ಸೇರಿದರೆ ನಾವು, ಪ್ರಿಪೊಸಿಷನ್ ಆದ ಮೇಲೆ ಬಂದಿದ್ದರಿಂದ “ಅಸ್”. ಕಥೆಯ ಬದಲು “ಇಟ್” ಬಂದಿರುವುದರಿಂದ ಅದು ಮೊದಲು ಬಂತು, “ಟು ಅಸ್” ಆಮೇಲೆ. ಕಥೆಯ ಹೆಸರನ್ನೇ ಹೇಳುವುದಾದರೆ “ಶಿ ಟೋಲ್ಡ್ ಅಸ್ ದ ಸ್ಟೋರಿ” ಅನ್ನಬಹುದು.